ತುಂಬಿದ ಬೀರು, ಉಡಲು ಸಿಗದ ಸೀರೆ

(ಸಂಘದ ದೀಪಾವಳಿ ಸಮಾರಂಭದ ಮಹಿಳಾ ಗೋಷ್ಠಿಯಲ್ಲಿ ನೀಡಿದ ಅತಿಥಿ ಉಪನ್ಯಾಸದ ಪಠ್ಯ)



ಈ ವೇದಿಕೆಯಲ್ಲಿ ಇದುವರೆಗೆ ಸಾಹಿತಿಗಳು, ವೈದ್ಯರು, ಸಂಗೀತ ವಿದ್ವಾಂಸರು ಮಾತನಾಡಿದ್ದಾರೆ. ಆ ಸಾಲಿನಲ್ಲಿ ರವಿಕೆ ಹೊಲಿಯುವ ಇಬ್ಬರು ಹೆಂಗಸರನ್ನು ಕರೆದು ನಿಲ್ಲಿಸಿರುವುದು ತಮ್ಮ ಔದಾರ್ಯ. ನಾವಿಬ್ಬರೂ ಓರಗಿತ್ತಿಯರು. ಹಿರಿಯಳ ತವರು ಧಾರವಾಡ, ಕಿರಿಯಳದು ಮೈಸೂರು. ಅಣ್ಣತಮ್ಮಂದಿರ ಕೈಹಿಡಿದು ಒಬ್ಬಳು 1991ರಲ್ಲಿ, ಇನ್ನೊಬ್ಬಳು 1994ರಲ್ಲಿ ಇಂಗ್ಲೆಂಡಿಗೆ ಬಂದು ಲೆಸ್ಟರಿನ ಒಂದೇ ಬೀದಿಯ ಎರಡು ಮನೆಗಳಲ್ಲಿ ನೆಲೆಸಿದೆವು. ಹಗಲಿನಲ್ಲಿ ಹಿರಿಯಳು ಆಸ್ಪತ್ರೆಯ ದಾದಿ, ಕಿರಿಯಳು ಲೆಕ್ಕಪತ್ರದ ಕಚೇರಿಯ ಗುಮಾಸ್ತೆ. ಸಂಜೆಯಾದರೆ ಇಬ್ಬರೂ ಮುಂದಿನ ಕೋಣೆಯ ಹೊಲಿಗೆ ಯಂತ್ರದ ಎದುರು. ಈ ಭಾಷಣವನ್ನು ಓದುತ್ತಿರುವವಳು ಒಬ್ಬಳಾದರೂ ಬರೆದವರು ಇಬ್ಬರು. ಆದ್ದರಿಂದ ಇಲ್ಲಿ ಬರುವ 'ನಾವು' ಎಂಬುದನ್ನು ದೊಡ್ಡಸ್ತಿಕೆಯೆಂದು ತಾವು ಭಾವಿಸಬಾರದು. ಮುಂದೆ ಹೇಳುವ ತಪ್ಪುಗಳಲ್ಲಿಯೂ ಇಬ್ಬರಿಗೆ ಸಮಪಾಲಿದೆ.

ಪ್ರತಿ ವರ್ಷ ದೀಪಾವಳಿಗೆ ಮೂರು ವಾರ ಮೊದಲು ನಮ್ಮ ಮನೆಯ ಬಾಗಿಲು ತಟ್ಟುವವರ ಮಾತು ಬಹುಮಟ್ಟಿಗೆ ಒಂದೇ: "ಅಕ್ಕ, ಉಟ್ಟುಕೊಳ್ಳೋದಕ್ಕೆ ನನ್ನ ಹತ್ತಿರ ಒಂದೂ ಇಲ್ಲ." ಹೀಗೆನ್ನುವವರ ಮನೆಯ ಬೀರು (ಹಿರಿಯಳ ಭಾಷೆಯಲ್ಲಿ ಕಪಾಟು) ಬಾಗಿಲು ಮುಚ್ಚಲಾರದಷ್ಟು ತುಂಬಿರುತ್ತದೆ. ಮೊದಮೊದಲು ನಾವು ಒಳಗೊಳಗೆ ನಗುತ್ತಿದ್ದೆವು. ವರ್ಷಗಳು ಕಳೆದಂತೆ ಆಕೆ ಹೇಳುತ್ತಿರುವುದು ನಿಜವೆಂದು ಅರಿವಾಯಿತು. ಆ ಬೀರುವಿನಲ್ಲಿ ಅತ್ತೆ ಕೊಟ್ಟದ್ದಿದೆ, ನಾದಿನಿಯ ಮದುವೆಗೆ ಬಂದದ್ದಿದೆ, ಗೃಹಪ್ರವೇಶದ ಉಡುಗೊರೆಯಿದೆ, ಅರ್ಧ ಬೆಲೆಗೆ ಸಿಕ್ಕಿತೆಂದು ತಂದ ಪ್ಯಾಂಟುಗಳಿವೆ. ತಾನಾಗಿ ಇಷ್ಟಪಟ್ಟು, ತನ್ನ ಮೈಗೂ ದಿನಚರಿಗೂ ಹೊಂದುವುದನ್ನು ನೋಡಿ ಆರಿಸಿದ್ದು ಮಾತ್ರ ಇರುವುದಿಲ್ಲ. ಇಂದು ನಾವು ಹೇಳಬೇಕೆಂದಿರುವುದು ಈ ಆಯ್ಕೆಯ ಕುರಿತು. ಮೊದಲಿಗೆ ನಮ್ಮದೇ ಮನೆಯ ಸಂಗತಿಯೊಂದನ್ನು ಒಪ್ಪಿಕೊಂಡುಬಿಡುತ್ತೇವೆ.

ನಮ್ಮ ಅತ್ತೆಯವರು 2003ರಲ್ಲಿ ಕೊನೆಯ ಸಲ ಇಲ್ಲಿಗೆ ಬಂದು ಹಿಂದಿರುಗುವಾಗ ಒಂದು ಸೂಟ್‌ಕೇಸನ್ನು ನಮ್ಮಲ್ಲಿಯೇ ಬಿಟ್ಟರು. "ಇರಲಿ, ನಿಮಗೆ ಬೇಕಾದೀತು" ಎಂದಷ್ಟೇ ಹೇಳಿದರು. ಅದರಲ್ಲಿ ಒಂದು ಮೈಸೂರು ರೇಷ್ಮೆ, ಎರಡು ಕಂಚಿ, ಒಂದು ಉಣ್ಣೆಯ ಶಾಲು, ಮತ್ತು ಅವರ ಸೀಮಂತದಲ್ಲಿ ತವರಿನವರು ಉಡಿಸಿದ್ದ ಇಳಕಲ್ ಸೀರೆಯಿದ್ದವು. ಅಮೂಲ್ಯವಾದ ವಸ್ತುವೆಂದು ಪ್ಲಾಸ್ಟಿಕ್ ಚೀಲಗಳಲ್ಲಿ ಸುತ್ತಿ, ನುಸಿಗುಳಿಗೆ ಹಾಕಿ, ಅಟ್ಟಕ್ಕೆ ಏರಿಸಿದೆವು. ಒಳ್ಳೆಯ ದಿನ ಬಂದಾಗ ಉಟ್ಟರಾಯಿತು ಎಂದುಕೊಂಡೆವು. ಎಂಟು ವರ್ಷಗಳಲ್ಲಿ ಯಾವ ದಿನವೂ ನಮಗೆ ಅಷ್ಟು ಒಳ್ಳೆಯದೆಂದು ತೋರಲಿಲ್ಲ. 2011ರಲ್ಲಿ ಅವರು ತೀರಿಕೊಂಡ ಸುದ್ದಿ ಬಂದ ಮೇಲೆ ಸೂಟ್‌ಕೇಸನ್ನು ಇಳಿಸಿ ತೆರೆದರೆ, ಶಾಲು ಜರಡಿಯಾಗಿತ್ತು. ಮೈಸೂರು ರೇಷ್ಮೆಯ ಜರಿ ಕಪ್ಪಿಟ್ಟಿತ್ತು. ಇಳಕಲ್ ಸೀರೆಯ ಕೆಂಪು ಸೆರಗು ತೂತುತೂತಾಗಿತ್ತು. ಆದರೆ ಅದರ ಒಡಲು, ಆ ಕಡುನೀಲಿ ಹತ್ತಿಯ ಒಡಲು, ಒಂದು ಎಳೆಯೂ ಮುಕ್ಕಾಗದೆ ಉಳಿದಿತ್ತು.

ಇದಕ್ಕೆ ಕಾರಣವುಂಟು. ಬಟ್ಟೆಯ ನುಸಿಯಲ್ಲಿ ತಿನ್ನುವುದು ಹಾರುವ ಚಿಟ್ಟೆಯಲ್ಲ, ಅದರ ಮರಿಹುಳು. ಆ ಹುಳುವಿಗೆ ಬೇಕಾದದ್ದು ಪ್ರಾಣಿಜನ್ಯವಾದ ಉಣ್ಣೆ ಮತ್ತು ರೇಷ್ಮೆ. ಅಪ್ಪಟ ಹತ್ತಿ ಅದರ ಆಹಾರವಲ್ಲ. ಹಳೆಯ ಇಳಕಲ್ಲಿನ ಸೆರಗು ರೇಷ್ಮೆ, ಒಡಲು ಹತ್ತಿ. ಆದ್ದರಿಂದ ಒಂದೇ ಸೀರೆಯಲ್ಲಿ ಅರ್ಧ ಊಟ, ಅರ್ಧ ಉಪವಾಸ. ಜರಿಯದು ಬೇರೆ ಕಥೆ. ಬೆಳ್ಳಿಯನ್ನು ಕಪ್ಪಾಗಿಸುವುದು ಗಂಧಕದ ಅಂಶ, ಉಣ್ಣೆಯಲ್ಲಿ ಅದು ಇದೆ. ನಾವು ಜರಿ ಸೀರೆಯನ್ನು ಉಣ್ಣೆಯ ಶಾಲಿನ ಮಡಿಲಲ್ಲೇ ಮಲಗಿಸಿದ್ದೆವು! ಈಗ ರೇಷ್ಮೆಯನ್ನು ಒಗೆದ ಹಳೆಯ ಹತ್ತಿ ಬಟ್ಟೆಯಲ್ಲಿ ಸುತ್ತುತ್ತೇವೆ. ಉಣ್ಣೆಯನ್ನು ಬೇರೆ ಇಡುತ್ತೇವೆ. ಮೂರು ತಿಂಗಳಿಗೊಮ್ಮೆ ತೆಗೆದು ಗಾಳಿಗೆ ಹರವಿ, ಹಳೆಯ ಮಡಿಕೆಯ ಗೆರೆ ಬಿಟ್ಟು ಬೇರೆ ಗೆರೆಯಲ್ಲಿ ಮಡಿಸುತ್ತೇವೆ, ಏಕೆಂದರೆ ಜರಿ ಮುರಿಯುವುದು ಮಡಿಕೆಯಲ್ಲಿ. ಸುಗಂಧ ಸಿಂಪಡಿಸುವುದಿದ್ದರೆ ಸೀರೆ ಉಡುವ ಮೊದಲೇ ಆಗಬೇಕು. ಇವೆಲ್ಲಕ್ಕಿಂತ ದೊಡ್ಡ ರಕ್ಷಣೆ, ಆಗಾಗ ಉಡುವುದು. ಅಲುಗಾಡದ, ಬೆಳಕು ಕಾಣದ ಬಟ್ಟೆಯೇ ಹುಳುವಿಗೆ ಪ್ರಿಯ.

ಆ ಸೂಟ್‌ಕೇಸಿನ ದುಃಖದಲ್ಲಿ ಕುಳಿತಿದ್ದಾಗ ಕಿರಿಯಳು ಗೋಡೆಯ ಮೇಲಿನ ಕ್ಯಾಲೆಂಡರನ್ನು ತೆಗೆದು, ಹಿಂದಿನ ವರ್ಷ ನಾವು ಸೀರೆ ಉಟ್ಟ ದಿನಗಳಿಗೆಲ್ಲ ಗುರುತು ಹಾಕಿದಳು. ಆಕೆಗೆ 17, ಹಿರಿಯಳಿಗೆ 22. ಉಳಿದ ಮುನ್ನೂರ ನಲವತ್ತು ಚಿಲ್ಲರೆ ದಿನಗಳಲ್ಲಿ ನಾವು ಏನು ಹಾಕಿಕೊಂಡಿದ್ದೆವು ಎಂಬುದು ಇಬ್ಬರಿಗೂ ನೆನಪಾಗಲಿಲ್ಲ. ನೆನಪಿಡುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ಹಣವನ್ನೂ ಪ್ರೀತಿಯನ್ನೂ ಹದಿನೇಳು ದಿನಗಳಿಗೆ ಸುರಿದು, ಉಳಿದ ದಿನಗಳನ್ನು ಕೈಗೆ ಸಿಕ್ಕಿದ್ದರಲ್ಲಿ ಕಳೆದಿದ್ದೆವು. ತಾವೂ ಒಮ್ಮೆ ಈ ಲೆಕ್ಕ ಹಾಕಿ ನೋಡಬೇಕೆಂದು ನಮ್ಮ ವಿನಂತಿ. ಆಸ್ಪತ್ರೆಗೆಷ್ಟು ದಿನ, ಕಚೇರಿಗೆಷ್ಟು, ಮಕ್ಕಳ ಶಾಲೆಯ ಬಾಗಿಲಿಗೆಷ್ಟು, ಮನೆಯಲ್ಲೆಷ್ಟು, ಸಂಘದ ಸಮಾರಂಭಕ್ಕೆಷ್ಟು? ಬೀರು ಈ ಲೆಕ್ಕವನ್ನು ಹೋಲಬೇಕು.

ಪಾಶ್ಚಾತ್ಯರು ಇದನ್ನು ಮೊದಲೇ ಯೋಚಿಸಿದ್ದಾರೆ. 1970ರ ದಶಕದಲ್ಲಿ ಲಂಡನ್ನಿನಲ್ಲಿ 'ವಾರ್ಡ್‌ರೋಬ್' ಎಂಬ ಅಂಗಡಿ ನಡೆಸುತ್ತಿದ್ದ ಸೂಸಿ ಫಾಕ್ಸ್, ಒಂದರೊಡನೊಂದು ಕೂಡಿಬರುವ ಕೆಲವೇ ಒಳ್ಳೆಯ ಉಡುಪುಗಳು ಸಾಕು ಎಂಬ ಮಾತನ್ನು ಪ್ರಚಾರಕ್ಕೆ ತಂದರು. 1985ರಲ್ಲಿ ನ್ಯೂಯಾರ್ಕಿನ ಡೋನಾ ಕ್ಯಾರನ್ ಏಳು ಉಡುಪುಗಳ ಒಂದು ಜೋಡಣೆಯನ್ನು ಮಾರುಕಟ್ಟೆಗೆ ತಂದು ಹೆಸರಾದರು. ಆ ಯಾದಿಯನ್ನು ನಾವು ಹಾಗೆಯೇ ನಕಲು ಮಾಡಲಾಗದು. ಆಕೆಯ ಗಿರಾಕಿಗೆ ಬೆಳಿಗ್ಗೆ ಸಭೆ, ಸಂಜೆ ಔತಣ. ನಮಗೆ ಬೆಳಿಗ್ಗೆ ವಾರ್ಡು, ಮಧ್ಯಾಹ್ನ ಮಕ್ಕಳನ್ನು ಕರೆತರುವುದು, ಸಂಜೆ ಸತ್ಯನಾರಾಯಣ ಪೂಜೆ. ಆದರೆ ಕೆಲವೇ ಇರಲಿ, ಒಂದಕ್ಕೊಂದು ಕೂಡಲಿ ಎಂಬ ತತ್ತ್ವ ನಮ್ಮ ಅಜ್ಜಿಯರಿಗೂ ತಿಳಿದಿತ್ತು. ನಿತ್ಯಕ್ಕೆ ನಾಲ್ಕು, ಹೊರಗೆ ಹೋಗಲು ಎರಡು, ಮಡಿಗೆ ಒಂದು, ಮದುವೆಗೆ ಒಂದು. ಅವರ ಹದಿನೆಂಟು ಮೊಳದ ಸೀರೆಗಳ ಲೆಕ್ಕ ಅಷ್ಟೇ.

ಇಲ್ಲಿ ಒಂದು ಗಾದೆ ಅಡ್ಡ ಬರುತ್ತದೆ: ಊಟ ತನ್ನಿಚ್ಛೆ, ನೋಟ ಪರರಿಚ್ಛೆ. ಈ ಗಾದೆಯನ್ನು ಕೇಳಿಕೊಂಡೇ ನಾವು ಬೆಳೆದವರು. ಪರದೇಶಕ್ಕೆ ಬಂದ ಮೇಲೆ ಈ 'ಪರರು' ಯಾರು ಎಂಬುದೇ ಸಮಸ್ಯೆಯಾಯಿತು. ದೇವಸ್ಥಾನದಲ್ಲಿ ಒಬ್ಬರು, ಬಸ್ಸಿನಲ್ಲಿ ಇನ್ನೊಬ್ಬರು. ಹಿರಿಯಳು ಬಂದ ಮೊದಲ ಚಳಿಗಾಲದಲ್ಲಿ ಕೊಂಡದ್ದು ಕಡುನೀಲಿ ಕೋಟು. ಅದು ಹರಿದಾಗ ಮತ್ತೊಂದು ಕಡುನೀಲಿ ಕೋಟು. ಯಾರ ಕಣ್ಣಿಗೂ ಬೀಳಬಾರದು ಎಂಬುದೊಂದೇ ಉದ್ದೇಶ. ರಾತ್ರಿಪಾಳಿ ಮುಗಿಸಿ ಬಸ್ ನಿಲ್ದಾಣದಲ್ಲಿ ನಿಲ್ಲುವಾಗ ಅದಕ್ಕೆ ಕಾರಣಗಳೂ ಇದ್ದವು. ಅವನ್ನು ಇಲ್ಲಿ ವಿವರಿಸಬೇಕಾಗಿಲ್ಲ, ಈ ಸಭೆಯಲ್ಲಿರುವ ನಮ್ಮ ವಯಸ್ಸಿನವರಿಗೆ ಗೊತ್ತು. ಏಳು ವರ್ಷಗಳ ಬಳಿಕ 1998ರಲ್ಲಿ ಆಕೆ ಕುಂಕುಮ ಬಣ್ಣದ ಕೋಟೊಂದನ್ನು ಕೊಂಡಳು. ಮನೆಗೆ ತಂದು ಎರಡು ವಾರ ಹೊರಗೆ ಹಾಕಲಿಲ್ಲ. ಕೊನೆಗೆ ಹಾಕಿಕೊಂಡು ಹೋದ ದಿನ, ಏಳು ವರ್ಷ ಒಂದೇ ಕಾರಿಡಾರಿನಲ್ಲಿ ಎದುರಾಗುತ್ತಿದ್ದ ವೈದ್ಯೆಯೊಬ್ಬರು ಮೊದಲ ಬಾರಿಗೆ ನಿಂತು ಆಕೆಯ ಹೆಸರು ಕೇಳಿದರು. ಬಣ್ಣದ ಮಹಿಮೆಯೋ, ಆ ದಿನ ಆಕೆ ತಲೆಯೆತ್ತಿ ನಡೆದ ರೀತಿಯೋ, ನಾವು ನಿರ್ಧರಿಸಲಾರೆವು. ಆದರೆ ಒಂದಂತೂ ನಿಜ. ಈ ನಾಡಿನಲ್ಲಿ ಅಕ್ಟೋಬರಿನಿಂದ ಏಪ್ರಿಲ್ ತನಕ ಜಗತ್ತು ನೋಡುವುದು ನಮ್ಮ ಕೋಟನ್ನು, ಸೀರೆಯನ್ನಲ್ಲ. ರೇಷ್ಮೆ ಸೀರೆಗೆ ಮೂರು ಅಂಗಡಿ ಸುತ್ತುವ ನಾವು ಕೋಟನ್ನು ಹತ್ತು ನಿಮಿಷದಲ್ಲಿ ಕೊಳ್ಳುವುದು ವಿಚಿತ್ರ. ಕೋಟು ಮೊಣಕಾಲಿನ ಕೆಳಗೆ ಇಳಿಯುವಂತಿರಲಿ, ಒಳಗೆ ಸೆರಗು ಮಡಿಸಿ ಹೊದ್ದರೂ ಭುಜ ಹಿಡಿಯದಂತಿರಲಿ. ಬಣ್ಣ ತಮ್ಮ ಇಷ್ಟದ್ದಾಗಿರಲಿ.

ಬಣ್ಣದ ವಿಷಯ ಬಂದದ್ದರಿಂದ ಒಂದು ಮಾತು. 1980ರಲ್ಲಿ ಅಮೆರಿಕದ ಕ್ಯಾರಲ್ ಜಾಕ್ಸನ್ ಎಂಬವರ 'ಕಲರ್ ಮಿ ಬ್ಯೂಟಿಫುಲ್' ಎಂಬ ಪುಸ್ತಕ ಪ್ರಕಟವಾಯಿತು. ಚರ್ಮ, ಕೂದಲು, ಕಣ್ಣುಗಳ ಬಣ್ಣ ನೋಡಿ ಹೆಂಗಸರನ್ನು ನಾಲ್ಕು ಋತುಗಳಾಗಿ ವಿಂಗಡಿಸಿ, ಇಂಥವರು ಇಂಥ ಬಣ್ಣ ತೊಡಬೇಕೆಂದು ಅದು ಹೇಳಿತು. ನಮ್ಮ ಕಚೇರಿಯ ಗೆಳತಿಯರೆಲ್ಲ ತಾವು ಶರತ್ತೋ ವಸಂತವೋ ಎಂದು ಚರ್ಚಿಸುತ್ತಿದ್ದರು. ನಮಗೋ ಋತುಗಳು ಆರು. ಆ ನಾಲ್ಕರಲ್ಲಿ ನಮಗೆ ಹೊಂದುವುದು ಸಿಗಲಿಲ್ಲ. ನಾವು ಕಂಡುಕೊಂಡ ಉಪಾಯ ಸರಳವಾದದ್ದು. ಹಗಲಿನ ಬೆಳಕಿನಲ್ಲಿ, ಕಿಟಕಿಯ ಬಳಿ, ಬಟ್ಟೆಯನ್ನು ಗಲ್ಲದ ಕೆಳಗೆ ಹಿಡಿದು ಕನ್ನಡಿ ನೋಡಬೇಕು. ಮೊದಲು ಕಣ್ಣಿಗೆ ಬೀಳುವುದು ಮುಖವಾದರೆ ಆ ಬಣ್ಣ ನಮ್ಮದು. ಬಟ್ಟೆಯಾದರೆ ಅದನ್ನು ಅಂಗಡಿಯವನಿಗೆ ಹಿಂದಿರುಗಿಸಬೇಕು. ಅಂಗಡಿಯ ವಿದ್ಯುದ್ದೀಪದ ಕೆಳಗೆ ಎಲ್ಲ ಬಣ್ಣಗಳೂ ಸುಳ್ಳು ಹೇಳುತ್ತವೆ. ನಮ್ಮ ಹೆಂಗಸರಲ್ಲಿ ಅನೇಕರು 'ನಾನು ಕಪ್ಪು, ನನಗೆ ಗಾಢ ಬಣ್ಣ ಒಪ್ಪದು' ಎಂದು ತಿಳಿಬಣ್ಣಗಳ ಹಿಂದೆ ಅಡಗುತ್ತಾರೆ. ಸಾಸಿವೆ ಹಳದಿ, ಗಿಳಿಹಸಿರು, ದಾಳಿಂಬೆ ಕೆಂಪು ನಮ್ಮ ಮೈಬಣ್ಣದ ಮೇಲೆ ಬೆಳಗುವಂತೆ ಬೇರೆಲ್ಲೂ ಬೆಳಗುವುದಿಲ್ಲ. ಮೂವತ್ತು ವರ್ಷ ಅಳತೆಪಟ್ಟಿ ಹಿಡಿದು ನಿಂತವರಾಗಿ ಇದನ್ನು ಧೈರ್ಯವಾಗಿ ಹೇಳುತ್ತೇವೆ.

ಕಪ್ಪು ಬಟ್ಟೆಯ ಬಗ್ಗೆ ನಮ್ಮಿಬ್ಬರಲ್ಲಿ ಬಹಳ ಕಾಲ ವಾದವಿತ್ತು. 1926ರಲ್ಲಿ ಅಮೆರಿಕದ 'ವೋಗ್' ಪತ್ರಿಕೆ ಶನೆಲ್ ಅವರ ಸರಳವಾದ ಕಪ್ಪು ಉಡುಪಿನ ಚಿತ್ರವನ್ನು ಅಚ್ಚು ಹಾಕಿ ಅದನ್ನು ಫೋರ್ಡ್ ಕಾರಿಗೆ ಹೋಲಿಸಿತು. ಎಲ್ಲರಿಗೂ ಒದಗುವಂಥದ್ದು ಎಂಬ ಅರ್ಥದಲ್ಲಿ. ಅಂದಿನಿಂದ ಪಾಶ್ಚಾತ್ಯ ಹೆಣ್ಣಿನ ಬೀರುವಿನಲ್ಲಿ ಕಪ್ಪಿಗೆ ಶಾಶ್ವತ ಸ್ಥಾನ. ಮೈಸೂರಿನ ಕಿರಿಯಳಿಗೆ ಕಪ್ಪು ಸೀರೆ ಎಂದರೆ ಅಮಂಗಳ. ಶುಭಕಾರ್ಯಕ್ಕೆ ಅದನ್ನು ಮುಟ್ಟಿದವಳಲ್ಲ. ಧಾರವಾಡದ ಹಿರಿಯಳು ನಕ್ಕುಬಿಟ್ಟಳು. ಉತ್ತರ ಕರ್ನಾಟಕದ ಹೆಣ್ಣುಮಕ್ಕಳಿಗೆ ಕರಿ ಚಂದ್ರಕಾಳಿ ಸೀರೆಯೆಂದರೆ ಪ್ರಾಣ. ಅದರ ಮೇಲೆ ಕಸೂತಿ ಹಾಕಿಸಿಕೊಂಡರೆ ಇನ್ನಷ್ಟು. ಇಂದು ಕಿರಿಯಳ ಬೀರುವಿನಲ್ಲಿಯೂ ಒಂದು ಕರಿ ಸೀರೆ ಇದೆ. ಪೂಜೆಗೆ ಉಡುವುದಿಲ್ಲ, ಕಚೇರಿಯ ಕ್ರಿಸ್‌ಮಸ್ ಔತಣಕ್ಕೆ ತಪ್ಪದೆ ಉಡುತ್ತಾಳೆ.

ಇನ್ನು ದುಡಿಮೆಯ ಉಡುಪು. ಈ ದೇಶದ ಕನ್ನಡ ಕುಟುಂಬಗಳಲ್ಲಿ ವೈದ್ಯರೂ ದಾದಿಯರೂ ಬಹಳ ಮಂದಿ. 2007ರಲ್ಲಿ ಇಂಗ್ಲೆಂಡಿನ ಸರ್ಕಾರ, ರೋಗಿಗಳನ್ನು ಮುಟ್ಟುವವರ ಕೈ ಮೊಣಕೈಯಿಂದ ಕೆಳಗೆ ಬರಿದಾಗಿರಬೇಕೆಂಬ ನಿಯಮವನ್ನು ಪ್ರಕಟಿಸಿತು. 2008ರ ಆರಂಭದಿಂದ ಅದು ಆಸ್ಪತ್ರೆಗಳಲ್ಲಿ ಜಾರಿಗೆ ಬಂತು. ಉದ್ದ ತೋಳಿಲ್ಲ, ಗಡಿಯಾರವಿಲ್ಲ, ಬಳೆಯಿಲ್ಲ. ಸಾದಾ ಉಂಗುರವೊಂದನ್ನು ಸಾಮಾನ್ಯವಾಗಿ ಬಿಡುತ್ತಾರೆ. ಸೋಂಕು ತಡೆಯುವ ನಿಯಮವೆಂದು ಹಿರಿಯಳು ಅದನ್ನು ಮನಸಾರೆ ಒಪ್ಪಿದಳು. ಆದರೂ ಮದುವೆಯ ದಿನದಿಂದ ಬರಿದಾಗದ ಕೈಯಿಂದ ಪಾಟ್ಲಿ ತೆಗೆದ ಬೆಳಿಗ್ಗೆ ಆಕೆಗೆ ತಿಂಡಿ ಸೇರಲಿಲ್ಲ. ಕೈಯ ಗುರುತು ಹೋದ ಮೇಲೆ ಆಕೆ ಕಿವಿಯ ಕಡೆಗೆ ಗಮನ ಕೊಟ್ಟಳು. ಕಿವಿಗೆ ಅಂಟಿ ಕೂರುವ, ಏಳು ಕಲ್ಲಿನ ಪುಟ್ಟ ಬೆಂಡೋಲೆ. ಸಮವಸ್ತ್ರದ ಒಳಗೆ ಗಿಡ್ಡ ಕರಿಮಣಿ. ಹದಿನೈದು ವರ್ಷಗಳ ನಂತರ ರೋಗಿಗಳು ಆಕೆಯನ್ನು ಹೆಸರಿನಿಂದಲ್ಲ, 'ಹೊಳೆಯುವ ಓಲೆಯ ಸಿಸ್ಟರ್' ಎಂದೇ ಗುರುತಿಸುತ್ತಿದ್ದರು. ಎಲ್ಲವನ್ನೂ ತೆಗೆದಿಡಬೇಕಾಗಿ ಬಂದಾಗ ಯಾವುದು ಉಳಿಯಲೇಬೇಕು ಎಂದು ಕೇಳಿಕೊಂಡರೆ ನಮ್ಮ ಶೈಲಿ ಯಾವುದೆಂದು ನಮಗೇ ತಿಳಿಯುತ್ತದೆ.

ಕಚೇರಿಯವರಿಗೆ ನಮ್ಮ ಸಲಹೆ ಹೆಚ್ಚೇನಿಲ್ಲ. ಅತಿ ಹೆಚ್ಚು ಸಲ ಹಾಕಿಕೊಂಡ ಐದು ಉಡುಪುಗಳನ್ನು ಹಾಸಿಗೆಯ ಮೇಲೆ ಹರವಿ ನೋಡಿ. ಅವುಗಳಲ್ಲಿ ಸಮಾನವಾದದ್ದೊಂದು ಇರುತ್ತದೆ. ಮುಕ್ಕಾಲು ತೋಳಿರಬಹುದು, ಕೊರಳಪಟ್ಟಿ ಇಲ್ಲದಿರುವುದಿರಬಹುದು, ಜೇಬಿರಬಹುದು. ಕಿರಿಯಳ ಐದಕ್ಕೂ ಜೇಬಿತ್ತು! ಅಂದಿನಿಂದ ಜೇಬಿಲ್ಲದ್ದನ್ನು ಆಕೆ ಕೊಂಡಿಲ್ಲ.

ಈಗ ನಮ್ಮ ಸ್ವಂತ ಕ್ಷೇತ್ರಕ್ಕೆ, ಅಂದರೆ ರವಿಕೆಗೆ ಬರುತ್ತೇವೆ. ಸಮಯಪಾಲಕರು ಸ್ವಲ್ಪ ಸಹಿಸಿಕೊಳ್ಳಬೇಕು.

ಬೀರುವಿನಲ್ಲಿ ಮಲಗಿರುವ ಸೀರೆಗಳ ಪೈಕಿ ಮುಕ್ಕಾಲು ಪಾಲು ಮಲಗಿರುವುದು ಸೀರೆಯ ತಪ್ಪಿನಿಂದಲ್ಲ, ರವಿಕೆಯ ತಪ್ಪಿನಿಂದ. ಸೀರೆಗೆ ಅಳತೆಯಿಲ್ಲ, ಹದಿನೆಂಟರಲ್ಲಿ ಉಟ್ಟದ್ದನ್ನು ಅರುವತ್ತರಲ್ಲಿಯೂ ಉಡಬಹುದು. ರವಿಕೆ ಮಾತ್ರ ಪ್ರತಿ ಐದು ವರ್ಷಕ್ಕೆ ನಮ್ಮ ವಯಸ್ಸನ್ನು ಹೇಳಿಬಿಡುತ್ತದೆ. ಆದ್ದರಿಂದ ಹೊಲಿಸುವಾಗ ಎರಡು ಪಕ್ಕಗಳಲ್ಲಿಯೂ ಒಳಗೆ ಒಂದೊಂದು ಅಂಗುಲ ಬಟ್ಟೆ ಬಿಟ್ಟು ಹೊಲಿಯುವಂತೆ ಕೇಳಬೇಕು. ತೋಳು ಬಿಗಿಯೆಂದು ದೂರುವವರಲ್ಲಿ ಹಲವರಿಗೆ ಬಿಗಿಯಾಗಿರುವುದು ತೋಳಲ್ಲ. ಕಂಕುಳ ಸುತ್ತು ತೀರ ಕೆಳಗಿಳಿದಿರುತ್ತದೆ. ಅದು ಇಳಿದಷ್ಟೂ ಕೈ ಎತ್ತಿದಾಗ ಇಡೀ ರವಿಕೆ ಮೇಲೇರುತ್ತದೆ. ಸುತ್ತು ಮೇಲಿದ್ದು ಮೈಗೆ ಹತ್ತಿರವಿದ್ದರೆ, ಬಿಗಿಯಾದ ರವಿಕೆಯಲ್ಲಿಯೂ ಆರತಿ ಎತ್ತಬಹುದು, ಕಾರು ಓಡಿಸಬಹುದು. ಇದನ್ನು ಹೇಳಿದರೆ ಯಾರೂ ನಂಬುವುದಿಲ್ಲ, ಹೊಲಿದು ತೊಡಿಸಿದ ಮೇಲೆ ನಂಬುತ್ತಾರೆ. ಕೊರಳನ್ನು ಹಿಂದೆಯೂ ಮುಂದೆಯೂ ಆಳವಾಗಿ ಇಳಿಸಿದರೆ ಭುಜ ಜಾರುವುದು ಖಂಡಿತ; ಒಂದು ಕಡೆ ಮಾತ್ರ ಇಳಿಸಿ, ಇಲ್ಲವೆ ಹಿಂದೆ ದಾರ ಕಟ್ಟಿಸಿ. ತೋಳು ಎಲ್ಲಿ ಮುಗಿಯುತ್ತದೆಯೋ ನೋಡುವವರ ಕಣ್ಣು ಅಲ್ಲಿ ನಿಲ್ಲುತ್ತದೆ. ಎದೆಯ ಮಟ್ಟದಲ್ಲಿ ಮುಗಿದರೆ ಮೈ ಅಗಲವಾಗಿ ಕಾಣುತ್ತದೆ. ಮೊಣಕೈವರೆಗಿನ ತೋಳು ಈ ಚಳಿಗೂ ಒಳ್ಳೆಯದು, ಬಹುಪಾಲು ಹೆಂಗಸರಿಗೆ ಒಪ್ಪುವುದೂ ಅದೇ.

ಪ್ರತಿ ಸೀರೆಗೂ ಅದರದೇ ಬಣ್ಣದ ರವಿಕೆ ಇರಬೇಕೆಂಬ ಹಟವನ್ನು ನಮ್ಮ ಪೀಳಿಗೆ ಬಿಡಬೇಕು. ನಲವತ್ತು ಸೀರೆಗೆ ಸುಮಾರಾದ ನಲವತ್ತು ರವಿಕೆಗಿಂತ ಅಚ್ಚುಕಟ್ಟಾದ ಆರು ರವಿಕೆ ಮೇಲು. ಒಂದು ಕಪ್ಪು, ಒಂದು ಹಾಲುಬಿಳುಪು, ಒಂದು ಕುಂಕುಮಗೆಂಪು, ಒಂದು ಮಾಸಲು ಚಿನ್ನದ ಬಣ್ಣದ್ದು. ಉಳಿದೆರಡು ಗುಳೇದಗುಡ್ಡದ ಖಣ. ಖಣದ ರವಿಕೆ ಸಾದಾ ಹತ್ತಿ ಸೀರೆಯನ್ನು ಒಂದೇ ಕ್ಷಣದಲ್ಲಿ ಹಬ್ಬದ ಸೀರೆಯಾಗಿಸುತ್ತದೆ. ಉಡಿ ತುಂಬುವಾಗ ಬಂದ ಖಣಗಳನ್ನು ಮತ್ತೊಬ್ಬರ ಉಡಿಗೆ ಸಾಗಿಸುತ್ತ ಹೋಗುವ ಬದಲು, ಒಂದಾದರೂ ತಮಗಾಗಿ ಹೊಲಿಸಿಕೊಳ್ಳಿ.

ಸೀರೆಗಳಲ್ಲಿ ಯಾವುವು ಇರಬೇಕೆಂದು ಕೇಳಿದರೆ ನಮ್ಮಲ್ಲಿ ಒಮ್ಮತವಿಲ್ಲ. ಕಿರಿಯಳ ಮತ ಮೈಸೂರು ರೇಷ್ಮೆಗೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1912ರಲ್ಲಿ ಆರಂಭವಾದ ಕಾರ್ಖಾನೆ ಅದು. 1980ರಿಂದ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ಕೈಯಲ್ಲಿದೆ. ಎಳೆಯನ್ನು ಬಿಗಿಯಾಗಿ ಹುರಿಗೊಳಿಸಿ ನೇಯುವ ಕ್ರೇಪ್ ಆದ್ದರಿಂದ ಸುಕ್ಕು ನಿಲ್ಲುವುದಿಲ್ಲ, ನೆರಿಗೆ ತಾನಾಗಿ ಬೀಳುತ್ತದೆ. ಕಾರಿನಲ್ಲಿ ಮೂರು ಗಂಟೆ ಕುಳಿತು ಇಳಿದರೂ ಆಗತಾನೆ ಉಟ್ಟಂತಿರುತ್ತದೆ. ಮೈಮೇಲೆ ಹೂವಿಲ್ಲ, ಬುಟ್ಟಾ ಇಲ್ಲ. ಒಂದೇ ಬಣ್ಣ, ಜರಿಯ ಅಂಚು. ಗಲಾಟೆ ಬೇಡದವರ ಸೀರೆ ಅದು. ಹಿರಿಯಳಿಗೆ ಇದು ಮೈಗೆ ಅಂಟಿಕೊಳ್ಳುತ್ತದೆಂದು ದೂರು. ಆಕೆಯ ಮತ ಇಳಕಲ್ಲಿಗೆ. ಅದರಲ್ಲಿ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಬೇರೆಬೇರೆಯಾಗಿ ಸಿದ್ಧಪಡಿಸಿ, ಎಳೆಗೆ ಎಳೆಯನ್ನು ಕೊಂಡಿಯಂತೆ ಸಿಕ್ಕಿಸಿ ಜೋಡಿಸುತ್ತಾರೆ. ಹೀಗಾಗಿ ಒಂದೊಂದು ಸೀರೆಗೂ ಹೊಸದಾಗಿ ಹಾಸು ಹೂಡಬೇಕು. ಕೆಂಪು ಸೆರಗಿನ ಮೇಲೆ ಬಿಳಿಯ ತೆನೆಗಳು ಮೂಡಿದ ಆ ಸೀರೆಗೆ ತೋಪು ತೆನಿ ಸೆರಗು ಎಂದೇ ಹೆಸರು. ಹತ್ತಿಯ ಒಡಲಿಗೆ ಗಾಳಿಯಾಡುತ್ತದೆ, ಮನೆಯಲ್ಲೇ ಒಗೆಯಬಹುದು. ಮೊದಲ ಒಗೆತಗಳಲ್ಲಿ ಸೆರಗಿನ ಕೆಂಪು ಬಿಡಬಹುದಾದ್ದರಿಂದ ತಣ್ಣೀರಿನಲ್ಲಿ ಪ್ರತ್ಯೇಕವಾಗಿ ಅದ್ದಬೇಕು. ಗಂಟು ಹಾಕದೆ ಎರಡು ಬದಿಗೂ ಒಂದೇ ತೆರನಾಗಿ ಕಾಣುವ ಗವಂತಿ ಮತ್ತು ಮುರ್ಗಿ ಹೊಲಿಗೆಗಳ ಕಸೂತಿಯಿದ್ದರೆ ಅದಕ್ಕೆ ಬೇರೆ ಒಡವೆಯೇ ಬೇಡ. ಇಬ್ಬರೂ ಒಪ್ಪುವುದು ಉಡುಪಿಯ ತೆಳು ಹತ್ತಿ ಸೀರೆಯನ್ನು. ಇಲ್ಲಿನ ಜುಲೈ ತಿಂಗಳ ಸೆಕೆಗೆ ಅದಕ್ಕಿಂತ ಹಿತವಾದದ್ದಿಲ್ಲ.

ಬೆಲ್‌ಗ್ರೇವ್ ರಸ್ತೆಯ ಸಾಲು ಅಂಗಡಿಗಳಲ್ಲಿ ಈ ಮೂರನ್ನೂ ಕೇಳಿ ಕೇಳಿ ನಾವು ಸೋತಿದ್ದೇವೆ. ಊರಿಗೆ ಹೋದಾಗಲೇ ತರಬೇಕು. ಅಲ್ಲಿಯೇ ಫಾಲು ಹಾಕಿಸುವುದಾದರೆ, ಫಾಲಿನ ಬಟ್ಟೆಯನ್ನು ಮೊದಲು ನೀರಿನಲ್ಲಿ ನೆನೆಸಿ ಒಣಗಿಸಿ ಇಸ್ತ್ರಿ ಮಾಡಿಸಿ. ಇಲ್ಲದಿದ್ದರೆ ಮೊದಲ ಒಗೆತಕ್ಕೇ ಅಂಚು ಸುರುಟಿಕೊಳ್ಳುತ್ತದೆ.

ಚಳಿಗಾಲದ ಉಪಾಯಗಳು ತಮಗೆಲ್ಲ ಗೊತ್ತೇ ಇವೆ, ಬೇಗ ಮುಗಿಸುತ್ತೇವೆ. ಹೀಟರಿನ ಒಣಗಾಳಿಯಲ್ಲಿ ನೈಲಾನ್ ಒಳಲಂಗ ಸೀರೆಯನ್ನು ಕಾಲಿಗೆ ಅಂಟಿಸುತ್ತದೆ; ಹತ್ತಿಯದೇ ಇರಲಿ. ಅದರೊಳಗೆ ಬೆಚ್ಚನೆಯ ಲೆಗಿಂಗ್ಸ್ ತೊಟ್ಟರೆ ಯಾರಿಗೂ ತಿಳಿಯದು. ಪಾದರಕ್ಷೆ ಮೆಟ್ಟಿದ ಮೇಲೆಯೇ ಸೀರೆ ಉಡಬೇಕು, ಅಂಚು ನೆಲ ಗುಡಿಸದಂತೆ. ರಸ್ತೆಗೆ ಹಾಕಿದ ಉಪ್ಪು ಜರಿಗೆ ಶತ್ರು. ಬೂಟಿನಲ್ಲಿ ಬಂದು ಸಭಾಂಗಣದ ಬಾಗಿಲಲ್ಲಿ ಚಪ್ಪಲಿ ಬದಲಿಸುವುದು ನಾಚಿಕೆಯ ವಿಷಯವಲ್ಲ. ಇಂದು ಇಲ್ಲಿ ಬಾಗಿಲ ಬಳಿ ನಾವೇ ಎಣಿಸಿದಂತೆ ಮೂವತ್ತು ಜೊತೆ ಬೂಟುಗಳಿವೆ.

ಒಡವೆಗಳ ಕುರಿತು ಒಂದೇ ಮಾತು: ಒಂದು ಬಾರಿಗೆ ಒಂದು ಪ್ರಧಾನ. ಜುಮುಕಿ ದೊಡ್ಡದಾದರೆ ಕೊರಳು ಮೌನವಾಗಿರಲಿ. ಕಾಸಿನ ಸರವಿದ್ದರೆ ಕಿವಿಗೆ ಪುಟ್ಟ ಓಲೆ ಸಾಕು. ಲಾಕರಿನಲ್ಲಿಟ್ಟು ವರ್ಷಕ್ಕೊಮ್ಮೆ ಎದೆಬಡಿತದೊಡನೆ ತರುವ ಅವಲಕ್ಕಿ ಸರಕ್ಕಿಂತ, ನಿತ್ಯ ತೊಡುವ ತೆಳುವಾದ ಸರ ನಮ್ಮದಾಗುತ್ತದೆ. ಏಷ್ಯನ್ ಮನೆಗಳ ಚಿನ್ನದ ಮೇಲೆ ಕಳ್ಳರ ಕಣ್ಣಿದೆಯೆಂದು ಇಲ್ಲಿನ ಪೊಲೀಸರು ಮತ್ತೆ ಮತ್ತೆ ಎಚ್ಚರಿಸಿದ್ದಾರೆ. ಒಡವೆಗಳ ಚಿತ್ರ ತೆಗೆದಿಟ್ಟು ವಿಮೆ ಮಾಡಿಸುವುದನ್ನು ಯಜಮಾನರು ಮರೆಯಬಾರದು. ಮತ್ತೊಂದು ಒಡವೆಯನ್ನು ನಾವು ಒಡವೆಯೆಂದೇ ಎಣಿಸುವುದಿಲ್ಲ, ಅದು ಕನ್ನಡಕ. ಮುಖದ ನಡುವೆ, ವರ್ಷದ ಅಷ್ಟೂ ದಿನ ಇರುವ ಅದನ್ನು ಅಂಗ��ಿಯವನು ತೋರಿಸಿದ ಮೊದಲ ಮೂರರಲ್ಲಿ ಒಂದೆಂದು ಕೊಳ್ಳುತ್ತೇವೆ. ಮುಂದಿನ ಸಲ ಸರಕ್ಕೆ ಕೊಡುವಷ್ಟೇ ಸಮಯವನ್ನು ಅದಕ್ಕೂ ಕೊಡಿ.

ಕೊನೆಯದಾಗಿ ನಮ್ಮ ಹೆಣ್ಣುಮಕ್ಕಳು. ಕನ್ನಡದಲ್ಲಿ ಸೀರೆ ಉಡುತ್ತೇವೆ, ರವಿಕೆ ತೊಡುತ್ತೇವೆ, ಹೂ ಮುಡಿಯುತ್ತೇವೆ, ಕುಂಕುಮ ಇಡುತ್ತೇವೆ. ನಮ್ಮ ಮಕ್ಕಳು ಎಲ್ಲವನ್ನೂ 'ಹಾಕ್ಕೋತೀವಿ' ಎನ್ನುತ್ತಾರೆ. ನಾವು ಮೊದಲು ತಿದ್ದುತ್ತಿದ್ದೆವು. 2023ರಲ್ಲಿ ಲಂಡನ್ನಿನ ಡಿಸೈನ್ ಮ್ಯೂಸಿಯಮ್ಮಿನಲ್ಲಿ ಇಂದಿನ ಸೀರೆಗಳ ಪ್ರದರ್ಶನ ನಡೆಯಿತು. ಹಿರಿಯಳ ಮಗಳು ನಮ್ಮಿಬ್ಬರನ್ನೂ ಅಲ್ಲಿಗೆ ಕರೆದೊಯ್ದಳು. ಮರಳಿ ಬರುವಾಗ ರೈಲಿನಲ್ಲಿ ಆಕೆ ಕೇಳಿದಳು: "ಅಮ್ಮ, ಅಜ್ಜಿಯ ಆ ನೀಲಿ ಸೀರೆ ಇನ್ನೂ ಇದೆಯಾ? ಅದನ್ನು ನಾನು ಶರ್ಟಿನ ಮೇಲೆ, ಕ್ಯಾನ್ವಾಸ್ ಷೂ ಜೊತೆ ಹಾಕ್ಕೋಬೇಕು." ಸೆರಗಿಲ್ಲದ ಸೀರೆ ಅದು, ಹೇಗೆ ಉಡುತ್ತೀ ಎಂದೆವು. "ಸೆರಗು ಇಲ್ಲದಿದ್ದರೇನು, ಚಿಕ್ಕಮ್ಮ ಹೊಲಿದು ಕೊಡಲಿ" ಎಂದಳು.

ಅಂದು ರಾತ್ರಿ ಸೂಟ್‌ಕೇಸನ್ನು ಮತ್ತೆ ತೆರೆದೆವು. ಕತ್ತರಿ ಹಾಕಬಾರದೆಂದು ಹಿರಿಯಳು, ಹಾಕಲೇಬೇಕೆಂದು ಕಿರಿಯಳು. ಎರಡು ದಿನ ನಮ್ಮಲ್ಲಿ ಮಾತಿಲ್ಲ. ಕಡೆಗೆ ತೂತಾದ ಸೆರಗನ್ನು ಕೊಂಡಿಯ ಗೆರೆಗೆ ಸರಿಯಾಗಿ ಬಿಡಿಸಿ, ಒಡಲಿಗೆ ಹೊಸದೊಂದು ಕೆಂಪು ಖಣದ ಬಟ್ಟೆಯನ್ನು ಸೆರಗಾಗಿ ಜೋಡಿಸಿದೆವು. ಮಗಳು ಅದನ್ನು ತನ್ನ ಪದವಿ ಪ್ರದಾನದ ದಿನ ಉಟ್ಟಳು. ತೊಟ್ಟದ್ದು ಬಿಳಿಯ ಶರ್ಟು, ಕಾಲಿಗೆ ಕ್ಯಾನ್ವಾಸ್ ಷೂ, ಕಿವಿಯಲ್ಲಿ ಅಮ್ಮನ ಏಳು ಕಲ್ಲಿನ ಬೆಂಡೋಲೆ. ಹಳೆಯ ಸೆರಗು ಇನ್ನೂ ನಮ್ಮಲ್ಲಿಯೇ ಇದೆ. ಹತ್ತಿ ಬಟ್ಟೆಯಲ್ಲಿ ಸುತ್ತಿ, ಮೂರು ತಿಂಗಳಿಗೊಮ್ಮೆ ಗಾಳಿಗೆ ಹರವುತ್ತೇವೆ. ಅದಕ್ಕೆ ಏನು ಮಾಡಬೇಕೆಂಬ ವಾದ ಇನ್ನೂ ಮುಗಿದಿಲ್ಲ.

ಅಳತೆಪಟ್ಟಿಯನ್ನು ತಂದಿದ್ದೇವೆ. ಚಹಾದ ವಿರಾಮದಲ್ಲಿ ಬಲಗಡೆಯ ಮೇಜಿನ ಬಳಿ ಇರುತ್ತೇವೆ. ಮಲಗಿರುವ ರವಿಕೆಯೊಂದನ್ನು ಚೀಲದಲ್ಲಿ ತಂದವರು ಯಾರಾದರೂ ಇದ್ದರೆ ಸಂಕೋಚಪಡದೆ ಬನ್ನಿ.